ಅತ್ತೆ ಕಳಿಸಿದ ಹಂಡೆ

೨೦೧೯ರ ಬೇಸಗೆಯಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು ತಳ ಕಂಡಾಗ ಚೆನ್ನೈನ ನಾವೆಲ್ಲ ಲಾರಿ ನೀರಿಗೆ ಕಾದವರೇ. ಜುಲೈ ೧೨ರಂದು ಜೋಲಾರ್‌ಪೇಟೆಯಿಂದ ವಿಲ್ಲಿವಾಕ್ಕಂಗೆ ರೈಲಿನಲ್ಲಿ ೨೫ ಲಕ್ಷ ಲೀಟರ್ ನೀರು ಬಂತು. ಆ ಸುದ್ದಿ ಓದಿ ಮರುಗಿದ ಸಾಗರದ ಸೋದರತ್ತೆ ನಮಗೊಂದು ತಾಮ್ರದ ಹಂಡೆ ಕಳಿಸಿದರು!

ನಮ್ಮದು ಎರಡನೆಯ ಮಹಡಿ. ಬಚ್ಚಲಲ್ಲಿ ಹಂಡೆಯಿಟ್ಟರೆ ನಾವು ಹೊರಗೆ. ಹಿಂದಿರುಗಿಸಿದರೆ ಹಿರಿಯರು ನೊಂದಾರು. ಅಟ್ಟಕ್ಕೇರಿಸಿ 'ಬಹಳ ಉಪಯೋಗವಾಯಿತು' ಎನ್ನಲು ಮನಸ್ಸೊಪ್ಪದು. ಇದ್ದುದನ್ನೇ ಬರೆದೆವು: "ಅತ್ತೆ, ನಮ್ಮ ಮನೆಗೆ ಇದು ದೊಡ್ಡದು. ಕೆಳಗೆ ಗೇಟಿನ ಬಳಿ ಇಟ್ಟಿದ್ದೇವೆ. ಲಾರಿ ಬಂದ ದಿನ ತುಂಬಿಸುತ್ತೇವೆ; ಕಾವಲುಗಾರರು, ಮನೆಗೆಲಸದವರು ಮೊಗೆದುಕೊಳ್ಳುತ್ತಾರೆ."

ಉತ್ತರ ಬಂತು: "ಹಾಗಾದರೆ ಸೊಳ್ಳೆ ಬೀಳದ ಹಾಗೆ ಮುಚ್ಚಳವನ್ನೂ ಕಳಿಸುತ್ತೇನೆ."

ಬಂಧುಗಳ ಅಕ್ಕರೆಯೂ ಹಂಡೆಯಷ್ಟೇ ಗಟ್ಟಿ. ನಿಜ ಹೇಳಿದರೆ ಒಡೆಯುವುದಿಲ್ಲ.