ಅಜ್ಜಿಯ ಎಣ್ಣೆ, ನನ್ನ ಹೊಟ್ಟು

ಮೂರನೇ ಸೆಮ್‌ನಿಂದ ಐದನೇ ಸೆಮ್‌ವರೆಗೆ ನಾನು ಕಪ್ಪು ಶರ್ಟ್ ಹಾಕಲೇ ಇಲ್ಲ. ಯಾರಾದ್ರೂ ಕೇಳಿದ್ರೆ "ಸೆಕೆ ಕಣೋ" ಅಂತಿದ್ದೆ. ನಿಜವಾದ ಕಾರಣ ತಲೆಹೊಟ್ಟು. ವೈವಾದಲ್ಲಿ ತಲೆ ಕೆರೆದುಕೊಂಡುಬಿಡ್ತೀನೇನೋ ಅಂತ ಎರಡೂ ಕೈಯನ್ನ ರೆಕಾರ್ಡ್ ಬುಕ್ಕಿನ ಕೆಳಗೆ ಒತ್ತಿ ಹಿಡಿದು ಕೂತಿದ್ದೂ ಉಂಟು. ಒಮ್ಮೆ ಹಿಂದಿನ ಬೆಂಚಿನವನು "ಮನಾಲಿ ಟ್ರಿಪ್ ಯಾಕೆ ಮಗಾ, ನಿನ್ ಹೆಗಲ ಮೇಲೇ ಹಿಮ ಬೀಳ್ತಿದೆಯಲ್ಲ" ಅಂದ. ಎಲ್ಲರ ಜೊತೆ ನಾನೂ ನಕ್ಕೆ. ಆವತ್ತು ರಾತ್ರಿ ಊಟಕ್ಕೆ ಮೆಸ್‌ಗೆ ಹೋಗಲಿಲ್ಲ.

ಮೊದಲು ಹಾಸ್ಟೆಲಿನ ಬೋರ್‌ವೆಲ್ ನೀರಿನ ಮೇಲೆ ತಪ್ಪು ಹೊರಿಸಿದೆ. ಕುಡಿಯೋ ನೀರಿನ ಕ್ಯಾನಿನಿಂದ ಕದ್ದು ತಲೆ ತೊಳೆದೆ, ಏನೂ ಬದಲಾಗಲಿಲ್ಲ. ನಿಂಬೆರಸ ಹಚ್ಚಿದೆ. ಕೆರೆದು ಗಾಯವಾಗಿದ್ದ ಜಾಗಕ್ಕೆ ಅದು ಬಿದ್ದಾಗ ಆದ ಉರಿ ಇನ್ನೂ ನೆನಪಿದೆ.

ನಮ್ಮೂರು ತಿಪಟೂರು ಕಡೆ. ನಮ್ಮ ತೋಟದ ಕೊಬ್ಬರಿಯನ್ನೇ ಆಡಿಸಿದ ಎಣ್ಣೆ ಅಂದ್ರೆ ಅಜ್ಜಿಗೆ ಸರ್ವರೋಗಕ್ಕೂ ಮದ್ದು. "ಎಣ್ಣೆ ಕಾಣ್ದೆ ತಲೆ ಒಣಗೋಗಿದೆ ಕಣೋ" ಅಂತ ಪ್ರತಿ ಸಲ ಒಂದು ಬಾಟಲಿ ಬ್ಯಾಗಿಗೆ ತುರುಕೋರು. ರಾತ್ರಿ ಹಚ್ಚಿ ಮಲಗಿದ್ರೆ ಎರಡು ದಿನ ಒಂದು ಚೂರೂ ಉದುರ್ತಿರಲಿಲ್ಲ. ವಾಸಿ ಆಯ್ತು ಅನ್ಕೊಂಡೆ. ಅಸಲಿಗೆ ಹೊಟ್ಟೆಲ್ಲ ಎಣ್ಣೆಗೆ ಅಂಟಿಕೊಂಡು ಕೂತಿತ್ತು, ಅಷ್ಟೇ.

ಕೊನೆಗೆ ಚರ್ಮದ ಡಾಕ್ಟರ್ ಹತ್ರ ಹೋದೆ. ಅವರು ಹೇಳಿದ್ದು ಕೇಳಿ ಅರ್ಧ ಭಾರ ಇಳೀತು: ಇದು ಕೊಳಕಿನಿಂದ ಬರೋದಲ್ಲ. ಮಲಸೇಜಿಯಾ ಅನ್ನೋ ಯೀಸ್ಟ್ ಹೆಚ್ಚುಕಮ್ಮಿ ಎಲ್ಲರ ನೆತ್ತಿಯಲ್ಲೂ ಇರುತ್ತೆ. ತನಗೆ ಬೇಕಾದ ಕೊಬ್ಬಿನಾಮ್ಲವನ್ನ ತಾನೇ ತಯಾರಿಸಿಕೊಳ್ಳೋಕೆ ಅದಕ್ಕೆ ಬರಲ್ಲ, ಹಾಗಾಗಿ ನಮ್ಮ ಚರ್ಮದ ಜಿಡ್ಡನ್ನ ಒಡೆದು ತಿನ್ನುತ್ತೆ. ತಿಂದು ಬಿಟ್ಟಿದ್ದು ಕೆಲವರ ಚರ್ಮಕ್ಕೆ ಆಗಿಬರಲ್ಲ. ಆಗ ಚರ್ಮ ಅವಸರದಲ್ಲಿ ಹೊಸ ಕೋಶ ಮಾಡಿ, ಹಳೇದನ್ನ ಗುಂಪುಗುಂಪಾಗಿ ಉದುರಿಸುತ್ತೆ. ಜಿಡ್ಡು ಜಾಸ್ತಿ ಇರೋ ನಮ್ಮ ವಯಸ್ಸಿನಲ್ಲೇ ಇದರ ಕಾಟವೂ ಜಾಸ್ತಿ. ಅಂದ್ರೆ ನಾನು ರಾತ್ರಿಯಿಡೀ ಎಣ್ಣೆ ಬಿಟ್ಟು ಹೊಟ್ಟಿಗೆ ಊಟ ಹಾಕ್ತಿದ್ದೆ!

ಅವರು ಬರೆದುಕೊಟ್ಟ 2% ಕೀಟೊಕೊನಜೋಲ್ ಶಾಂಪೂ ನೋಡಿ ನಗು ಬಂತು. ಅದೇ ಬಾಟಲಿ ಆಗಲೇ ನನ್ನ ಬಕೆಟ್‌ನಲ್ಲಿತ್ತು. ಹೊರಗೆ ಒಬ್ಬ ಬಾಗಿಲು ಬಡೀತಿರುವಾಗ ನೊರೆ ಮಾಡಿ ಅರ್ಧ ನಿಮಿಷಕ್ಕೆ ತೊಳೆದುಬಿಡ್ತಿದ್ದೆ. "ಕೂದಲಿಗಲ್ಲಪ್ಪ, ನೆತ್ತಿಯ ಚರ್ಮಕ್ಕೆ ಹಚ್ಚು. ಐದು ನಿಮಿಷ ಬಿಡು" ಅಂದ್ರು. ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ. ಆಗಲೂ ಕಡಿಮೆ ಆಗದಿದ್ರೆ ಮತ್ತೆ ಬಂದು ತೋರಿಸಬೇಕು, ಸೋರಿಯಾಸಿಸ್ ಕೂಡ ಹೀಗೇ ಕಾಣಬಹುದು. ನಾನು ಬೆಳಿಗ್ಗೆ ಐದೂವರೆಗೆ ಎದ್ದು ಖಾಲಿ ಬಾತ್‌ರೂಮಲ್ಲಿ ಮೊಬೈಲ್ ಟೈಮರ್ ಇಟ್ಟು ನಿಂತೆ. ಮೂರನೇ ವಾರಕ್ಕೆ ದಿಂಬು ಸ್ವಚ್ಛ.

ವಾಸಿಯಾಯ್ತಲ್ಲ ಅಂತ ಪೂರ್ತಿ ಬಿಟ್ಟೆ. ಇಂಟರ್ನಲ್ಸ್ ಟೈಮಲ್ಲಿ, ನಿದ್ದೆಗೆಟ್ಟ ದಿನಗಳಲ್ಲಿ, ಮತ್ತೆ ಶುರು. ಯೀಸ್ಟ್ ಎಲ್ಲಿಗೂ ಹೋಗಿರಲ್ವಲ್ಲ. ಈಗ ಹತ್ತು-ಹದಿನೈದು ದಿನಕ್ಕೊಮ್ಮೆ ಅದೇ ಶಾಂಪೂ, ತಪ್ಪಿಸಲ್ಲ.

ಕಷ್ಟವಾಗಿದ್ದು ಅಜ್ಜಿಗೆ ಹೇಳೋದು. ದೀಪಾವಳಿಗೆ ಊರಿಗೆ ಹೋದಾಗ ಎಣ್ಣೆ ಬಟ್ಟಲು ಹಿಡಿದು ಬಂದೇಬಿಟ್ಟರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತೋಟದ ಎಣ್ಣೇನೂ ಆಗಲ್ವೇನೋ?" ಅಂದ್ರು. ಉತ್ತರ ಹೊಳೀಲಿಲ್ಲ. ಕೈಕಾಲು ಚಾಚಿ ಮಣೆ ಮೇಲೆ ಕೂತೆ. ತಲೆಗೆ ಶಾಸ್ತ್ರಕ್ಕೊಂದು ತೊಟ್ಟು, ಉಳಿದಿದ್ದೆಲ್ಲ ಮೈಗೆ. ಆಮೇಲೆ ಬಚ್ಚಲ ಬಾಗಿಲ ಹೊರಗೆ ನಿಂತು "ಐದು ನಿಮಿಷ ಆಯ್ತೇನೋ?" ಅಂತ ಮೂರು ಸಲ ಕೂಗಿದ್ರು.

ಹಾಸ್ಟೆಲಿಗೆ ಬಂದು ಬ್ಯಾಗ್ ತೆಗೆದ್ರೆ ಬಾಟಲಿ ಇದ್ದೇ ಇತ್ತು. ಮೇಲೆ ಒಂದು ಚೀಟಿ, ತಂಗಿಯ ಕೈಬರಹ: "ಕಾಲಿಗೆ ಮಾತ್ರ. ಅಜ್ಜಿ ಬರೆಸಿದ್ದು."