ಮೇಲೆ ಯಾರು ನೋಡುತ್ತಾರೆ?

ಸಿರಿಗೇರಿಯ ನಮ್ಮ ಹಳೆಯ ಮನೆಗೆ ಮಣ್ಣಿನ ಮಾಳಿಗೆ ಇದ್ದ ಕಾಲದಲ್ಲಿ ಕತ್ತೆತ್ತಿ ಮೇಲೆ ನೋಡುವುದು ಒಂದು ಗೃಹಕೃತ್ಯವೇ ಆಗಿತ್ತು. ಮಳೆಗಾಲಕ್ಕೆ ಮೊದಲು ಮಾಳಿಗೆಯ ಮೇಲೆ ಚೌಳುಮಣ್ಣು ಹರಡಿಸಬೇಕು. ಒಳಗೆ ತೊಲೆಗೆ ಗೆದ್ದಲು ಹತ್ತಿದೆಯೇ, ಜಂತಿ ಬಾಗಿದೆಯೇ ಎಂದು ಪರೀಕ್ಷಿಸಬೇಕು. ಮನೆಗೆ ವಿದ್ಯುತ್ತು ಬಂದಾಗ ತಂತಿಗಳೂ ಈ ಪರೀಕ್ಷೆಗೆ ಒಳಗಾದುವು. ತೊಲೆಯ ಮಗ್ಗುಲಿಗೆ ತೇಗದ ಪಟ್ಟಿ, ಪಟ್ಟಿಯ ಮೇಲೆ ಜೋಡಿ ತಂತಿ, ಗೇಣಿಗೆ ಎರಡರಂತೆ ತಗಡಿನ ಕ್ಲಿಪ್ಪು. ನಮ್ಮ ತಂದೆಯವರು ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಒರಗಿಕೊಂಡು ಆ ಕ್ಲಿಪ್ಪುಗಳನ್ನು ಎಣಿಸುವರು. ಒಂದು ಬಿಚ್ಚಿಕೊಂಡಿದ್ದರೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ನಮಗೂ ಬರಗೊಡುತ್ತಿರಲಿಲ್ಲ. ಏಣಿ ಬಂದು, ಕ್ಲಿಪ್ಪು ಕೂತ ಮೇಲೆಯೇ ಮನೆಗೆ ಶಾಂತಿ.

ಮಾಳಿಗೆ ಹೋಗಿ ಕಾಂಕ್ರೀಟು ಬಂದಿತು. ನಮ್ಮ ಬಳ್ಳಾರಿ ಸೀಮೆಯ ಬೇಸಗೆಯನ್ನು ಉಂಡವರೇ ಬಲ್ಲರು. 40 ಡಿಗ್ರಿ ದಾಟಿದ ಬಿಸಿಲಿಗೆ ಹಗಲೆಲ್ಲ ಕಾದ ಕಾಂಕ್ರೀಟು, ರಾತ್ರಿಯೆಲ್ಲ ಆ ಸಾಲವನ್ನು ಬಡ್ಡಿಸಹಿತ ನಮಗೆ ತೀರಿಸುತ್ತದೆ. ಅದಕ್ಕಾಗಿ ಮಗನ ಸಲಹೆಯಂತೆ ಪಡಸಾಲೆಗೆ ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಹಾಕಿಸುವುದೆಂದಾಯಿತು. ಮಗಳ ನಿಶ್ಚಿತಾರ್ಥಕ್ಕೆ ಎಂಟೇ ದಿನ ಉಳಿದಿತ್ತು.

ಸಿರುಗುಪ್ಪದಿಂದ ಬಂದ ವೈರಿಂಗ್ ಕೆಲಸದ ಹುಡುಗ ವಿನಯದಿಂದಲೇ ಕೇಳಿದ: “ಯಜಮಾನ್ರೇ, ಇನ್ನೆರಡು ದಿನ ಬೇಕು. ತಂತಿಗಳನ್ನ ಕಾಂಕ್ರೀಟಿಗೇ ಕಬ್ಬಿಣದ ಸ್ಯಾಡಲ್ ಹೊಡೆದು ಕೂಡಿಸ್ತೀನಿ. ಸುಮ್ಮನೆ ಹಲಗೆ ಮೇಲೆ ಬಿಡೋದು ಒಳ್ಳೇದಲ್ಲ.”

“ಮೇಲೆ ಯಾರು ನೋಡುತ್ತಾರೆ ತಮ್ಮಾ? ಮುಗಿಸಿಬಿಡು,” ಎಂದೆ. ಕ್ಲಿಪ್ಪು ಎಣಿಸುತ್ತಿದ್ದವರ ಮಗನ ಬಾಯಿಂದ ಬಂದ ಮಾತು ಇದು!

ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು. ಬೀಗರು ಕತ್ತೆತ್ತಿ ನೋಡಿ ಮೆಚ್ಚಿದರು. ಅವರು ಕಂಡದ್ದು ಬಿಳಿಯ ಹಲಗೆ, ಸಾಲು ದೀಪ. ಅದರ ಹಿಂದೆ ಹೆಣೆದುಕೊಂಡು ಮಲಗಿದ್ದ ತಂತಿಗಳ ರಾಶಿಯಲ್ಲ.

ಮಳೆಗಾಲದ ಒಂದು ರಾತ್ರಿ ಆ ರಾಶಿ ತಾನಾಗಿಯೇ ದರ್ಶನ ಕೊಟ್ಟಿತು. ಕಾಂಕ್ರೀಟಿನ ಬಿರುಕಿನಿಂದ ಇಳಿದ ನೀರನ್ನು ಕುಡಿದು ಹಲಗೆ ಮೆತ್ತಗಾಗಿ, ದೊಪ್ಪನೆ ಕೆಳಗೆ ಬಿದ್ದಿತು. ಅದನ್ನೇ ಹಾಸಿಗೆ ಮಾಡಿಕೊಂಡಿದ್ದ ತಂತಿಗಳು ಬಾಗಿಲಿಗೆ ಅಡ್ಡವಾಗಿ ಜೋತುಬಿದ್ದುವು. ಸದ್ದಿಗೆ ಎದ್ದು ಕತ್ತಲೆಯಲ್ಲಿ ಓಡಿಬಂದ ನನ್ನಾಕೆಯ ಕೊರಳಿಗೂ ತೋಳಿಗೂ ಅವು ಸುತ್ತಿಕೊಂಡುವು. ಬಿಡಿಸಿಕೊಳ್ಳಲು ಎಳೆದಷ್ಟೂ ಮೇಲಿನಿಂದ ಇನ್ನಷ್ಟು ಇಳಿದು ಬರುತ್ತಿತ್ತು. “ಏನ್ರೀ, ಏನೋ ಹಿಡ್ಕೊಂಡೈತ್ರೀ!” ಎಂಬ ಆ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ನೀರು ತಾಗಿದೊಡನೆ ಟ್ರಿಪ್ ಸ್ವಿಚ್ಚು ತಾನಾಗಿ ಬಿದ್ದು ವಿದ್ಯುತ್ತು ಕಡಿದಿತ್ತು. ಅಷ್ಟೇ ನಮ್ಮ ಪುಣ್ಯ.

ನೀರು ಮಾಡಿದ್ದು ಇಷ್ಟಾದರೆ ಬೆಂಕಿ ಏನು ಮಾಡೀತು ಎಂಬ ಚಿಂತೆ ಆ ಮೇಲೆ ನನ್ನನ್ನು ಬಿಡಲಿಲ್ಲ. ತಿಳಿದವರನ್ನು ಕೇಳಿದೆ, ಓದಿದೆ. ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶರ್ಲಿ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ 2010ರ ಏಪ್ರಿಲ್ 6ರಂದು ಬೆಂಕಿ ಬಿದ್ದಾಗ, ಪ್ಲಾಸ್ಟಿಕ್ ಆಧಾರದಲ್ಲಿದ್ದ ತಂತಿಗಳು ಕಾವಿಗೆ ಕಳಚಿ ಇಳಿಬಿದ್ದು, ಆರಿಸಲು ಹೋದ ಅಗ್ನಿಶಾಮಕರ ಹಾದಿಗೆ ಬಲೆಯಾದುವು. ಇಬ್ಬರು ಹಿಂದಿರುಗಲಿಲ್ಲ. ಆ ದೇಶದ ವೈರಿಂಗ್ ನಿಯಮಗಳು ಮೊದಲು 2015ರಲ್ಲಿ, ಬೆಂಕಿ ಬಿದ್ದಾಗ ಜನ ಹೊರಬರುವ ದಾರಿಗಳಿಗೆ ಮಾತ್ರ, ಬಳಿಕ 2018ರ ಆವೃತ್ತಿಯಲ್ಲಿ ಕಟ್ಟಡದ ಎಲ್ಲ ಭಾಗಗಳಿಗೂ ಒಂದು ಕಟ್ಟಳೆ ಮಾಡಿದುವು: ಬೆಂಕಿಯಲ್ಲಿ ತಂತಿಗಳು ಅಕಾಲದಲ್ಲಿ ಕಳಚಿ ಬೀಳದಂತೆ ಆಧಾರವಿರಬೇಕು. ಅದೇ 2010ರ ಫೆಬ್ರವರಿ 23ರಂದು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ ವಿದ್ಯುತ್ ತಂತಿಗಳ ಮಾರ್ಗದಲ್ಲಿ ಎದ್ದ ಬೆಂಕಿ, ಹೊಗೆಗಳ ದುರಂತದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅಲ್ಲಿನ ಕಥೆ ಬೇರೆ. ಆದರೆ ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ ಅಪಾಯ ಹುಟ್ಟಿದ್ದು ಮಾತ್ರ ಒಂದೇ.

ಹುಡುಗನನ್ನು ಮತ್ತೆ ಕರೆಸಿದೆ. “ಆಗಲೇ ಹೇಳಿದ್ದೆ” ಎಂದು ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಈ ಸಲ ನಾನು ಶಿಷ್ಯನಂತೆ ಕೇಳಿ ತಿಳಿದೆ. ತಂತಿಯ ಭಾರ ಹಲಗೆಯ ಮೇಲಾಗಲಿ, ಹಲಗೆಯನ್ನು ತೂಗುಹಾಕಿದ ಕಂಬಿಗಳ ಮೇಲಾಗಲಿ ಬೀಳಕೂಡದು. ಅದಕ್ಕೆ ಕಾಂಕ್ರೀಟಿನಿಂದಲೇ ಬೇರೆ ಆಧಾರ ಬೇಕು. ಸಾಮಾನ್ಯ ಪಿ.ವಿ.ಸಿ. ಹೊದಿಕೆಯ ತಂತಿ ತಾಳುವುದೇ 70 ಡಿಗ್ರಿ. ಪ್ಲಾಸ್ಟಿಕ್ ಕೊಳವೆ, ಪ್ಲಾಸ್ಟಿಕ್ ಕಟ್ಟು ಬೆಂಕಿಯ ಕಾವಿಗೆ ಮೊದಲೇ ಸೋಲುತ್ತವೆ. ಕೊಳವೆ ಪ್ಲಾಸ್ಟಿಕ್ಕಿನದಾದರೂ ಅದನ್ನು ಅಲ್ಲಲ್ಲಿ ಹಿಡಿಯುವ ಪಟ್ಟಿ, ಪಟ್ಟಿಯನ್ನು ಹಿಡಿಯುವ ಬೋಲ್ಟು ಲೋಹದವಾಗಿರಬೇಕು. ಪಟ್ಟಿಯ ಅಂಚು ಹೊದಿಕೆಯನ್ನು ಕೊಯ್ಯಬಾರದು. ಬಿಸಿಯಾಗುವ ದೀಪದ ಬೆನ್ನಿಗೆ ತಂತಿ ತಾಗಬಾರದು. ಬೆಸುಗೆಗಳೆಲ್ಲ ಪೆಟ್ಟಿಗೆಯೊಳಗಿದ್ದು, ಬೇಕಾದಾಗ ಕೈಗೆ ಎಟುಕಬೇಕು.

ಬಿರುಕನ್ನು ಮುಚ್ಚಿಸಿ, ತಂತಿಯನ್ನೆಲ್ಲ ಮೇಲೆ ಕಟ್ಟಿಸಿ, ಹೊಸ ಹಲಗೆ ಕೂರಿಸುವ ಮುನ್ನ ನಾನೇ ಏಣಿ ಹತ್ತಿದೆ. ತಂದೆಯವರ ಕಾಲದಲ್ಲಿ ಕ್ಲಿಪ್ಪು ಸಡಿಲವಾದರೆ ನೋಡಲು ಒಂದು ಕಣ್ಣಿತ್ತು. ಈ ಹಲಗೆ ಮುಚ್ಚಿಕೊಂಡರೆ ಆ ಕಣ್ಣಿಲ್ಲ. ಇನ್ನು ಮೇಲೆ ಹಗಲೂ ರಾತ್ರಿಯೂ ಕಾವಲಿರಬೇಕಾದುದು ಈ ಕಬ್ಬಿಣದ ತುಂಡುಗಳೇ. ಹಾಗೆಂದುಕೊಂಡು ಒಂದೊಂದನ್ನೂ ಕೈಯಿಂದ ಜಗ್ಗಿ ನೋಡಿದೆ.

ಮೂಲೆಯಲ್ಲಿ ಒಂದು ಪುಟ್ಟ ಬಾಗಿಲನ್ನೂ ಇಡಿಸಿದ್ದೇನೆ. ಆಗಾಗ ಏಣಿ ಹಾಕಿ, ಬ್ಯಾಟರಿ ಹಿಡಿದು ಅದರೊಳಗೆ ತಲೆ ತೂರಿಸುತ್ತೇನೆ. ಕೆಳಗೆ ಏಣಿ ಹಿಡಿದು ನಿಂತ ನನ್ನಾಕೆ, “ಇನ್ನೂ ಎಷ್ಟು ಹೊತ್ತು ನೋಡ್ತೀರಿ? ಇಳೀರಿ,” ಎಂದು ಗದರುತ್ತಾಳೆ, ಏಣಿಯನ್ನು ಮಾತ್ರ ಬಿಡುವುದಿಲ್ಲ.