ಹೊರಗಿನವರ ಕಣ್ಣು

ಕ್ಯಾನ್ಸರಿನ ವಿಚಾರದಲ್ಲಿ ಕಂಪ್ಯೂಟರಿನವನು ತಲೆಹಾಕುವುದೆಂದರೆ ಕನ್ನಡ ಮೇಷ್ಟರು ನಾಡಿ ಹಿಡಿದು ನೋಡಿದ ಹಾಗೆ ಎಂದು ಕೊಳ್ಳೇಗಾಲದ ನನ್ನ ಸಹೋದ್ಯೋಗಿಯೊಬ್ಬರು ನಗುತ್ತಾರೆ. ಕನ್ನಡ ಮೇಷ್ಟರೇ ಆದ ನಾನು ಆ ನಗೆಯಲ್ಲಿ ಸೇರಲಾರೆ. ಯಳಂದೂರಿನಲ್ಲಿ ಹುಟ್ಟಿ ಹನೂರಿನ ಕಡೆಗೆ ಸೊಸೆಯಾಗಿ ಹೋಗಿದ್ದ ನಮ್ಮ ದೊಡ್ಡಮ್ಮ ಎದೆಯ ಗಂಟನ್ನು ಒಂದು ವರ್ಷ ಸೆರಗಿನ ಮರೆಯಲ್ಲಿಟ್ಟುಕೊಂಡಿದ್ದರು. ಡಾಕ್ಟರು ಮುಟ್ಟಿ ನೋಡುವರಲ್ಲ ಎಂಬುದೇ ಅವರಿಗೆ ರೋಗಕ್ಕಿಂತ ದೊಡ್ಡ ಭಯ. ಬಾಯಿಬಿಟ್ಟಾಗ ಕಾಲ ಮಿಂಚಿತ್ತು. ಈ ನಾಚಿಕೆಗೆ ಪರಿಹಾರ ವೈದ್ಯಶಾಸ್ತ್ರದ ಪುಸ್ತಕದಲ್ಲೇ ಸಿಕ್ಕಬೇಕೆಂಬ ನಿಯಮವುಂಟೆ?

ಹಿಂದಿನದನ್ನು ಕೊಂಚ ನೋಡಿ. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರಾಂಟ್ಜನ್ ಭೌತವಿಜ್ಞಾನಿ. ಸಿ.ಟಿ. ಸ್ಕ್ಯಾನರ್ ಕಟ್ಟಿದ ಹೌನ್ಸ್‌ಫೀಲ್ಡ್, ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪೆನಿಯ ಇಂಜಿನಿಯರು, 1979ರಲ್ಲಿ ಅವರಿಗೆ ಬಂದದ್ದು ವೈದ್ಯಶಾಸ್ತ್ರದ ನೊಬೆಲ್! ಆದರೆ ಒಂದನ್ನು ಮರೆಯಬಾರದು. 1971ರಲ್ಲಿ, ಮಿದುಳಿನಲ್ಲಿ ಗಡ್ಡೆಯ ಶಂಕೆಯಿದ್ದ ಹೆಂಗಸನ್ನು ಆ ಯಂತ್ರದಿಂದ ಮೊದಲು ಪರೀಕ್ಷಿಸಿದಾಗ ಜೊತೆಗೆ ಆಂಬ್ರೋಸ್ ಎಂಬ ವೈದ್ಯರಿದ್ದರು.

ನಮ್ಮ ಬೆಂಗಳೂರಿನಲ್ಲೇ ಗೀತಾ ಮಂಜುನಾಥ್ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದವರು. ಡಾಕ್ಟರು ಹೌದು, ಮದ್ದು ಕೊಡುವ ಡಾಕ್ಟರಲ್ಲ, ಕಂಪ್ಯೂಟರ್ ವಿಜ್ಞಾನಿ. ಬಂಧುಗಳಿಬ್ಬರಿಗೆ ಸ್ತನ ಕ್ಯಾನ್ಸರ್ ಬಂದದ್ದು ಅವರನ್ನು ಈ ಕಡೆಗೆ ತಿರುಗಿಸಿತು. 2016ರಲ್ಲಿ 'ನಿರಾಮೈ' ಸಂಸ್ಥೆ ಹುಟ್ಟಿತು. ಗಡ್ಡೆಯಿರುವಲ್ಲಿ ರಕ್ತಸಂಚಾರ ಹೆಚ್ಚಿ ಚರ್ಮದ ಶಾಖ ತುಸು ಬೇರೆಯಾಗಬಹುದು. ಆ ಶಾಖವನ್ನು ಕ್ಯಾಮರಾ ಹಿಡಿಯುತ್ತದೆ, ಕಂಪ್ಯೂಟರು ಲೆಕ್ಕ ಹಾಕುತ್ತದೆ. ಮುಟ್ಟುವುದಿಲ್ಲ, ಒತ್ತುವುದಿಲ್ಲ, ವಿಕಿರಣವಿಲ್ಲ. ನಮ್ಮ ದೊಡ್ಡಮ್ಮ ಇದಕ್ಕೆ ಒಪ್ಪುತ್ತಿದ್ದರೋ ಏನೋ.

ಹಾಗೆಂದು ಹಿಗ್ಗಿ ಕುಣಿಯುವಂತಿಲ್ಲ. ಶಾಖಚಿತ್ರವು ಮ್ಯಾಮೊಗ್ರಾಮಿಗೆ ಬದಲಿಯಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಶಂಕೆ ಬಂದರೆ ಕೊನೆಯ ಮಾತು ಗಂಟಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರದು. ಯಂತ್ರ ತಪ್ಪಿ 'ಏನೂ ಇಲ್ಲ' ಎಂದರೆ ಒಬ್ಬ ತಾಯಿಯ ಪ್ರಾಣದ ಮಾತು.

ನಮ್ಮೂರ ರೇಷ್ಮೆ ಸೀರೆಯನ್ನು ನೋಡಿ. ನೂಲು ತೆಗೆದವರು ಬೇರೆ, ಬಣ್ಣ ಕಟ್ಟಿದವರು ಬೇರೆ, ನೇಯ್ದವರು ಬೇರೆ. ಬಣ್ಣದವನಿಗೆ ಮಗ್ಗ ನಡೆಸಲು ಬರಬೇಕಾಗಿಲ್ಲ. ತನ್ನ ಬಣ್ಣ ನೀರಿಗೆ ಬಿಡುತ್ತದೆಯೆ ಎಂಬ ಪರೀಕ್ಷೆಗೆ ಮಾತ್ರ ಅವನು ಹಿಂಜರಿಯಬಾರದು. ಕಂಪ್ಯೂಟರ್ ಓದುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದೂ ಇಷ್ಟೆ: ನಿಮ್ಮ ವಿದ್ಯೆಯನ್ನು ಧೈರ್ಯವಾಗಿ ಕೊಂಡೊಯ್ಯಿರಿ, ಅದನ್ನು ವೈದ್ಯರ ಮುಂದಿಟ್ಟು, ಅವರು ತಪ್ಪು ತೋರಿಸುವ ತನಕ ಅಲ್ಲೇ ನಿಂತಿರಿ.